ಫ್ಯಾನಿಗೆ ರೆಗ್ಯುಲೇಟರ್ ಉಂಟು, ಸ್ಪೀಕರಿಗೇಕಿಲ್ಲ?

ನಮ್ಮ ಮನೆಗಳ ಪ್ರತಿ ಕೋಣೆಯ ಗೋಡೆಯ ಮೇಲೂ ಫ್ಯಾನಿನ ರೆಗ್ಯುಲೇಟರ್ ಒಂದಿರುತ್ತದೆ. ಯಜಮಾನರಿಗೆ ಸೆಖೆಯಾದಾಗಲೆಲ್ಲ ಒಳಕೋಣೆಯ ಅಜ್ಜಿಯೂ ಗಾಳಿಗೆ ನಡುಗಲಿ ಎಂದು ಎಲ್ಲ ಫ್ಯಾನುಗಳನ್ನೂ ಹಾಲಿನ ಒಂದೇ ಗುಂಡಿಗೆ ಕಟ್ಟಿಹಾಕಿದ ಎಲೆಕ್ಟ್ರಿಷಿಯನ್ನನ್ನು ನಾನಂತೂ ಕಂಡಿಲ್ಲ. ಆದರೆ ಹೊಸ ಮನೆಗಳ ಫಾಲ್ಸ್ ಸೀಲಿಂಗಿನೊಳಗೆ ಸ್ಪೀಕರುಗಳನ್ನು ಹುದುಗಿಸುವ ಅನೇಕ ಮಹನೀಯರು ಶಬ್ದದ ವಿಷಯದಲ್ಲಿ ಮಾಡುತ್ತಿರುವುದು ಇದನ್ನೇ!

ವ್ಯವಸ್ಥೆ ಸರಳವಾದದ್ದು. ಹಾಲಿನಲ್ಲಿ ಒಂದು ಆಂಪ್ಲಿಫೈಯರ್. ಪಕ್ಕದಲ್ಲಿ ಸ್ಪೀಕರ್ ಸೆಲೆಕ್ಟರ್ ಎಂಬ ಪೆಟ್ಟಿಗೆ. ಅದರ ಮೇಲೆ ಕೋಣೆಗೊಂದರಂತೆ ನಾಲ್ಕಾರು ಸ್ವಿಚ್ಚುಗಳು. ಅಗ್ಗದ ಪೆಟ್ಟಿಗೆಯಲ್ಲಿ ಇರುವುದು ಇಷ್ಟೇ. ಮುಂಜಾನೆ ಹಾಲಿನಲ್ಲಿ ಸುಪ್ರಭಾತ ಜೋರಾದರೆ, ಪರೀಕ್ಷೆಗೆ ಓದುತ್ತಿರುವ ಹುಡುಗಿಯ ಕೋಣೆಯಲ್ಲೂ ಅಷ್ಟೇ ಜೋರು. ಬೇಡವೆಂದರೆ ಆಕೆ ಪುಸ್ತಕ ಮಡಿಚಿ, ಎದ್ದು ಬಂದು, ಅಪ್ಪನ ಮುಖ ನೋಡಿ ಸ್ವಿಚ್ ಆರಿಸಬೇಕು. (ಸುಪ್ರಭಾತದ ಬಗ್ಗೆ ನನ್ನ ತಕರಾರಿಲ್ಲ, ಅದು ದೇವರನ್ನು ಎಬ್ಬಿಸಲು ಹಾಡುವುದು, ರಾತ್ರಿಯಿಡೀ ಓದಿ ಆಗತಾನೇ ಮಲಗಿದ ಮಕ್ಕಳನ್ನಲ್ಲ.) ಕೇಳಿಸುವ ಹಕ್ಕು ಒಬ್ಬರಿಗೆ, ಕೇಳಬೇಕಾದ ಕರ್ಮ ಉಳಿದವರಿಗೆ ಎಂಬ ಈ ಏರ್ಪಾಡಿಗೆ ಸೌಕರ್ಯವೆಂದು ಹೆಸರು!

“ಎಷ್ಟು ಸ್ಪೀಕರ್ ಬೇಕಾದರೂ ಹಾಕ್ಕೊಳ್ಳಿ ಸಾರ್, ಏನೂ ಆಗಲ್ಲ” ಎಂಬುದು ಅಂಗಡಿಯವರ ವೇದವಾಕ್ಯ. ಹತ್ತನೆಯ ತರಗತಿಯಲ್ಲಿ ಸಮಾಂತರ ಜೋಡಣೆಯ ಲೆಕ್ಕ ಮಾಡಿದವರು ಇದನ್ನು ಪ್ರಶ್ನಿಸದೆ ಹಣ ತೆರುವುದು ನನಗೆ ಅಚ್ಚರಿ. 8 ಓಮಿನ ನಾಲ್ಕು ಸ್ಪೀಕರುಗಳನ್ನು ಒಂದೇ ಚಾನೆಲ್ಲಿಗೆ ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮಿಗೆ ಇಳಿಯುತ್ತದೆ. ಅದೇ ವೋಲ್ಟೇಜಿಗೆ ನಾಲ್ಕು ಪಟ್ಟು ವಿದ್ಯುತ್ತು ಹರಿಯುತ್ತದೆ. ಮನೆಬಳಕೆಯ ಬಹುತೇಕ ಆಂಪ್ಲಿಫೈಯರುಗಳು 4ರಿಂದ 8 ಓಮಿನ ಹೊರೆಗೆಂದು ರಚಿತವಾದವು. ಟ್ರಾನ್ಸಿಸ್ಟರುಗಳು ಕಾದಾಗ ಒಳಗಿನ ರಕ್ಷಣಾ ಮಂಡಲವು ಸದ್ದಡಗಿಸಿದರೆ ಪುಣ್ಯ. ಇಲ್ಲವಾದರೆ ಸುಟ್ಟ ವಾಸನೆ. ಕೆಲವು ಪೆಟ್ಟಿಗೆಗಳಲ್ಲಿ ಸರಣಿಯಲ್ಲಿ ರೋಧಕವಿಟ್ಟಿರುತ್ತಾರೆ. ಅದು ಆಂಪ್ಲಿಫೈಯರನ್ನು ಕಾಪಾಡುತ್ತದೆ ನಿಜ, ಆದರೆ ಶಕ್ತಿಯ ಒಂದು ಪಾಲನ್ನು ಶಾಖವಾಗಿ ನುಂಗುತ್ತದೆ.

ಎರಡೂ ರೋಗಗಳಿಗೆ ಮದ್ದು ಒಂದೇ ಇದೆ: ಪ್ರತಿ ಕೋಣೆಯ ಗೋಡೆಯ ಮೇಲೆ, ಇಂಪಿಡೆನ್ಸ್ ಹೊಂದಿಸುವ ವಾಲ್ಯೂಮ್ ಗುಂಡಿ. ಅದರೊಳಗೆ ಆಟೋಟ್ರಾನ್ಸ್‌ಫಾರ್ಮರ್ ಇರುತ್ತದೆ. ನಾಲ್ಕು ಪಟ್ಟಿಗೆ ಹೊಂದಿಸಿದಾಗ 8 ಓಮಿನ ಸ್ಪೀಕರು ಆಂಪ್ಲಿಫೈಯರಿಗೆ 32 ಓಮಿನಂತೆ ತೋರುತ್ತದೆ. ಅಂಥ ನಾಲ್ಕು ಸೇರಿದರೆ ಮತ್ತೆ 8 ಓಮ್. ಒಂದೊಂದು ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ ಕಾಲುಭಾಗದ ಶಕ್ತಿ. ಮಲಗುವ ಕೋಣೆಗೆ ಅದು ಧಾರಾಳವಾಗಿ ಸಾಕು, ಮದುವೆ ಮಂಟಪವೇನೂ ಅಲ್ಲವಲ್ಲ.

“ಈಗೆಲ್ಲ ಮೊಬೈಲಿನಲ್ಲೇ ಆಗುತ್ತದೆ” ಎನ್ನುವವರಿದ್ದಾರೆ. 2024ರ ಮೇ ತಿಂಗಳಲ್ಲಿ ಅಮೆರಿಕದ ಸೋನೋಸ್ ಕಂಪನಿ ತನ್ನ ಆ್ಯಪನ್ನು ಬದಲಿಸಿತು. ಸ್ಲೀಪ್ ಟೈಮರಿನಂಥ ಸೌಲಭ್ಯಗಳು ರಾತ್ರೋರಾತ್ರಿ ಮಾಯವಾದವು. ಜುಲೈನಲ್ಲಿ ಅದರ ಮುಖ್ಯಸ್ಥರು ಗ್ರಾಹಕರ ಕ್ಷಮೆ ಕೇಳಬೇಕಾಯಿತು. ಗೋಡೆಯ ಗುಂಡಿಗೆ ಅಪ್‌ಡೇಟ್ ಬರುವುದಿಲ್ಲ. ಕನ್ನಡಕ ಹುಡುಕದೆ, ಪಾಸ್‌ವರ್ಡ್ ಕೇಳದೆ, ಕತ್ತಲಲ್ಲೂ ಅಜ್ಜಿಯ ಕೈಗೆ ಅದು ಸಿಗುತ್ತದೆ.

ಮನೆ ಕಟ್ಟಿಸುತ್ತಿರುವವರು ಗಿಲಾವಿಗೆ ಮುನ್ನವೇ ಪಟ್ಟು ಹಿಡಿಯಬೇಕು. ಸ್ಪೀಕರಿನ ತಂತಿಯನ್ನು ನೇರವಾಗಿ ಸೀಲಿಂಗಿಗೆ ಎಳೆಯದೆ, ಬಾಗಿಲ ಪಕ್ಕದ ಬಾಕ್ಸಿನ ಮೂಲಕ ಹಾಯಿಸಲು ಹೇಳಿ. 230 ವೋಲ್ಟಿನ ತಂತಿಯಿರುವ ಪೈಪಿನಲ್ಲಿ ಅದನ್ನು ತೂರಿಸಲು ಬಿಡಬೇಡಿ, ಬೇರೆ ಪೈಪೇ ಆಗಬೇಕು. ಗುತ್ತಿಗೆದಾರ ಗೊಣಗುತ್ತಾನೆ, ಗೊಣಗಲಿ.