ನಮ್ಮ ಜೀಪು ನಾರ್ಮಂಡಿಗೆ ಹೋಗಿರಲಿಲ್ಲ

ರಾಜಾಜಿನಗರದ ಒಂದು ಶಾಲೆಯ ಮೈದಾನ. ಭಾನುವಾರ ಬೆಳಗ್ಗೆ ಹಳೇ ವಾಹನಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಟ್ಟೆ ಹಿಡಿದು ಒರೆಸುತ್ತ ನಿಂತಿದ್ದೆವು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ನನ್ನ ಜೀಪಿನ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ ಮೇಲಿನ ಬಿಳಿ ನಕ್ಷತ್ರವನ್ನು ಮುಟ್ಟಿ, "ಅಂಕಲ್, ಇದು ಯಾವ ಯುದ್ಧಕ್ಕೆ ಹೋಗಿತ್ತು?" ಎಂದ. "ಎರಡನೇ ಮಹಾಯುದ್ಧಕ್ಕೆ" ಎಂದೆ. "ಎಲ್ಲಿಗೆ?" ಎಂದ. ಬಾಯಿಗೆ ಬಂದದ್ದು "ನಾರ್ಮಂಡಿಗೆ". ಅವನ ಅಪ್ಪ ಖುಷಿಯಿಂದ ಫೋಟೊ ತೆಗೆದರು.

ಶುದ್ಧ ಸುಳ್ಳು. ಆ ಜೀಪನ್ನು ನಾನು ಕೊಂಡದ್ದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಿಂದ. ಅದು ಯಾವ ಯುದ್ಧ ನೋಡಿತ್ತೋ ಬಿಟ್ಟಿತ್ತೋ, ಐವತ್ತು ವರ್ಷ ಅಡಿಕೆ ಮೂಟೆ ಹೊತ್ತಿದ್ದಂತೂ ನಿಜ. ಆ ಐವತ್ತು ವರ್ಷವನ್ನು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಹನ್ನೊಂದು ತಿಂಗಳು ಕೂತು, ದುಡ್ಡು ಕೊಟ್ಟು ಕೆರೆಸಿ ಹಾಕಿದವನು ನಾನೇ. ಹಾಗಾಗಿ ಇಲ್ಲಿ ಬೈಯಲು ಹೊರಟಿರುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ನಮ್ಮದೊಂದು ಸಣ್ಣ ಬಳಗ. ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯವರು. ಸೇನೆಯಿಂದ ಹೊರಬಿದ್ದ ಜೀಪು, ಜೊಂಗಾ, ಒಂದೊಂದು ಸಲ ಟ್ರಕ್ಕನ್ನೂ ಹುಡುಕಿ ತಂದು, ದುರಸ್ತಿ ಮಾಡಿಸಿ, ಪ್ರದರ್ಶನಕ್ಕೆ ಒಯ್ಯುವವರು. ಯಾರಾದರೂ ಯಾಕೆ ಇದೆಲ್ಲ ಎಂದು ಕೇಳಿದರೆ ನಮ್ಮ ಬಳಿ ಒಂದು ಸಿದ್ಧ ಉತ್ತರವಿದೆ: "ಚರಿತ್ರೆಯನ್ನು ಉಳಿಸುತ್ತಿದ್ದೇವೆ". ನನ್ನ ತಕರಾರು ಈ ವಾಕ್ಯದ ಮೇಲೆ. ನಾವು ಉಳಿಸುತ್ತಿಲ್ಲ. ಮರಳು ಕಾಗದ ಹಿಡಿದು ಉಜ್ಜಿ ತೆಗೆಯುತ್ತಿದ್ದೇವೆ.

ಈ ಹವ್ಯಾಸದ ಸುಖ ಗೊತ್ತಿಲ್ಲದೆ ಈ ಮಾತು ಆಡುತ್ತಿಲ್ಲ. ನನ್ನದು 1944ರ ಫೋರ್ಡ್ ಜಿಪಿಡಬ್ಲ್ಯೂ. ಮಹಾಯುದ್ಧದ ಹೊತ್ತಿನಲ್ಲಿ ವಿಲ್ಲೀಸ್ ಕಂಪನಿಯ ಕಾರ್ಖಾನೆಯೊಂದೇ ಸಾಲದೆ, ಅದೇ ನಕ್ಷೆಯ ಜೀಪನ್ನು ಫೋರ್ಡ್ ಕೂಡ ಮಾಡಲಿ ಎಂದು ಅಮೆರಿಕದ ಸರ್ಕಾರ ಹೇಳಿತು. 1941ರಿಂದ 1945ರೊಳಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದರು. ಎರಡೂ ಅವಳಿ ಜವಳಿ. ಪತ್ತೆ ಹಚ್ಚಬೇಕೆಂದರೆ ಅಡಿಯಲ್ಲಿ ಮಲಗಬೇಕು. ಚೇಸಿಸ್ಸಿನ ಮುಂದಿನ ಅಡ್ಡಪಟ್ಟಿ ಕೊಳವೆಯಂತಿದ್ದರೆ ವಿಲ್ಲೀಸ್, ಬೋರಲು ಹಾಕಿದ ಡಬ್ಬಿಯಂತಿದ್ದರೆ ಫೋರ್ಡ್. ಅದಲ್ಲದೆ ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಒತ್ತುತ್ತಿದ್ದರು. ಒಂದು ರಾತ್ರಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಗ್ರೀಸು ತೆಗೆಯುತ್ತಿದ್ದಾಗ ಮೊದಲ 'ಎಫ್' ಕಂಡಿತು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಎಡವಟ್ಟು ಶುರುವಾದದ್ದು ಅಲ್ಲಿಂದಲೇ. 'ಎಫ್' ಕಂಡವನಿಗೆ ಉಳಿದದ್ದೆಲ್ಲ ಕಸವಾಗಿ ಕಾಣತೊಡಗುತ್ತದೆ. ಯುದ್ಧದ ಜೀಪಿಗೆ ಹಿಂಬಾಗಿಲು ಇರುವುದಿಲ್ಲ. ಹಿಂದೆ ಒಂದೇ ತಗಡಿನ ಗೋಡೆ, ಅದಕ್ಕೆ ಸ್ಟೆಪ್ನಿ ಮತ್ತು ಪೆಟ್ರೋಲ್ ಕ್ಯಾನು. ನನ್ನ ಜೀಪಿಗೆ ಬಾಗಿಲಿತ್ತು. ತೋಟದವರು ಮೂಟೆ ಹೇರಲು ಅನುಕೂಲವಾಗಲೆಂದು ಯಾವ ಕಾಲದಲ್ಲೋ ಹಿಂದಿನ ತಗಡನ್ನು ಕತ್ತರಿಸಿ, ಕಬ್ಬಿಣದ ಕೀಲು ಮತ್ತು ಸರಪಳಿ ಹಾಕಿ ಬಾಗಿಲು ಮಾಡಿದ್ದರು. ಬಣ್ಣ ಕೆರೆಯುತ್ತಿದ್ದ ವಯಸ್ಸಾದ ಟಿಂಕರ್ ಕೆಲಸ ನಿಲ್ಲಿಸಿ, "ಸಾರ್, ಈ ಬಾಗ್ಲ ಮೇಲೆ ಏನೋ ಬರ್ದಿದೆ, ಇಟ್ಕೋತೀರಾ?" ಎಂದು ಕೇಳಿದ. ನೀಲಿ ಬಣ್ಣದ ಪದರದ ಮೇಲೆ ಬಿಳಿಯಲ್ಲಿ, ಬ್ರಷ್ಷು ಹಿಡಿದು ಅಭ್ಯಾಸವಿಲ್ಲದ ಕೈಯ ಅಕ್ಷರ: "ಶ್ರೀ ಮಂಜುನಾಥ ಪ್ರಸನ್ನ". ಕೆಳಗೆ ಸಣ್ಣದಾಗಿ "೧೨ ಮೂಟೆ ಮಾತ್ರ". ನಾನು ನೋಡಿದೆ. "ಅದು ಒರಿಜಿನಲ್ ಅಲ್ಲ, ಗುಜರಿಗೆ ಹಾಕಿ" ಎಂದೆ.

ಒರಿಜಿನಲ್. ನಮ್ಮ ಬಳಗದಲ್ಲಿ ಇದಕ್ಕಿಂತ ದೊಡ್ಡ ಮಂತ್ರವಿಲ್ಲ. ಬಾಗಿಲಿನ ಜೊತೆಗೆ, ತೋಟದವರು ಹಾಕಿಸಿದ್ದ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ನನ್ನೂ ತೆಗೆಸಿದೆ. ಘಟ್ಟದ ಕೆಸರಿನಲ್ಲಿ ಮೂವತ್ತು ವರ್ಷ ದುಡಿದ ಎಂಜಿನ್ ಅದು. ಅದರ ಜಾಗಕ್ಕೆ ಎಲ್ಲಿಂದಲೋ ಹುಡುಕಿ ತಂದ 60 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಂತು. ಆ ಎಂಜಿನ್ ಹುಟ್ಟಿದ್ದು ಯಾವುದೋ ಬೇರೆ ಜೀಪಿನಲ್ಲಿ. ಹಿಂದಿನ ಗೋಡೆಯನ್ನು ಹೊಸ ತಗಡಿನಲ್ಲಿ ಬಡಿದು ಮಾಡಿದರು. ಹೊಸ ತಗಡು ಒರಿಜಿನಲ್, ಹಳೇ ಬಾಗಿಲು ನಕಲಿ!

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಿಮ್ಮಲ್ಲಿ ಕೆಲವರಿಗೆ ಪಠ್ಯವಾಗಿದ್ದಿರಬಹುದು. ಓಲೆಗರಿಯಲ್ಲಿ ಲಿಪಿಕಾರ ಸೇರಿಸಿದ ಪದ್ಯ ಪ್ರಕ್ಷಿಪ್ತವೆಂದು ಗೊತ್ತಾದರೆ ಸಂಪಾದಕ ಏನು ಮಾಡುತ್ತಾನೆ? ಮೂಲಪಾಠದಿಂದ ಹೊರಗಿಡುತ್ತಾನೆ, ಆದರೆ ಅಡಿಟಿಪ್ಪಣಿಯಲ್ಲಿ ಇಟ್ಟುಕೊಳ್ಳುತ್ತಾನೆ. ಪಾಠಾಂತರಗಳನ್ನು ಬರೆದಿಡುತ್ತಾನೆ. ಮುಂದಿನವನು ಬಂದು "ನೀನು ತಪ್ಪು" ಅನ್ನಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿ ಹೋಗುತ್ತಾನೆ. ಓಲೆಗರಿಯನ್ನು ಒಲೆಗೆ ಹಾಕಿ, ತನಗೆ ಸರಿಕಂಡ ಪಾಠವನ್ನು ಹೊಸ ಗರಿಯಲ್ಲಿ ಬರೆದು, ಅದಕ್ಕೆ ಹೊಗೆ ಹಿಡಿಸಿ, ಇದೇ ಮೂಲ ಎಂದು ಮೆರವಣಿಗೆ ಮಾಡುವವನನ್ನು ಏನೆಂದು ಕರೆಯುತ್ತೀರಿ? ನಮ್ಮಲ್ಲಿ ಅಂಥವನಿಗೆ 'ಬೆಸ್ಟ್ ರೆಸ್ಟೋರೇಷನ್' ಎಂದು ಪಾರಿತೋಷಕ ಕೊಡುತ್ತಾರೆ. ನನ್ನ ಮನೆಯಲ್ಲೂ ಒಂದಿದೆ.

ಇನ್ನು ಆ ನಕ್ಷತ್ರ. ಅದನ್ನು ನಾವು ಕಲಿತದ್ದು ಸಿನಿಮಾದಿಂದ. 1998ರಲ್ಲಿ 'ಸೇವಿಂಗ್ ಪ್ರೈವೇಟ್ ರಯಾನ್' ಬಂತು, 2001ರಲ್ಲಿ 'ಬ್ಯಾಂಡ್ ಆಫ್ ಬ್ರದರ್ಸ್'. ನಮ್ಮ ಕಣ್ಣಿಗೆ ಯುದ್ಧವೆಂದರೆ ನಾರ್ಮಂಡಿಯ ಕಡಲತೀರ, ಜೀಪೆಂದರೆ ವೃತ್ತದೊಳಗಿನ ನಕ್ಷತ್ರ. ನಾನು ಬಳಿಸಿದ್ದು ಮರಳಿನ ಬಣ್ಣ, ಉತ್ತರ ಆಫ್ರಿಕಾದ್ದು. ಆಫ್ರಿಕಾದ ಯುದ್ಧ ಮುಗಿದದ್ದು 1943ರ ಮೇ ತಿಂಗಳಲ್ಲಿ, ನನ್ನ ಜೀಪು ಹುಟ್ಟಿದ್ದು 1944ರಲ್ಲಿ. ಆಫ್ರಿಕಾದ ಬಣ್ಣ, ನಾರ್ಮಂಡಿಯ ನಕ್ಷತ್ರ, ತೀರ್ಥಹಳ್ಳಿಯ ಜೀಪು. ಇದನ್ನು ನಾನು 'ಸಂಶೋಧನೆ' ಎಂದು ಕರೆಯುತ್ತಿದ್ದೆ.

ಹಾಗಾದರೆ ನಮ್ಮ ನೆಲದ ಜೀಪಿಗೆ ಕಥೆಯೇ ಇಲ್ಲವೇ? ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡಿನ ಮೂಲಕ ಚೀನಾದ ಕುನ್‌ಮಿಂಗ್‌ಗೆ 1942ರ ಕೊನೆಗೆ ಕಡಿಯಲು ಹತ್ತಿದ ರಸ್ತೆಯಲ್ಲಿ 1945ರ ಜನವರಿಯಲ್ಲಿ ಮೊದಲ ವಾಹನಗಳ ಸಾಲು ಹೊರಟಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಇಲ್ಲೇ ಬಿಟ್ಟುಹೋದ ಸಾಮಾನು ಡಿಸ್ಪೋಸಲ್‌ಗೆ ಬಂತು. 1965ರ ಸೆಪ್ಟೆಂಬರಿನಲ್ಲಿ ಖೇಮ್‌ಕರಣ್ ಹತ್ತಿರದ ಹೊಲಗಳಲ್ಲಿ ಹವಿಲ್ದಾರ್ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದ್ದು ತೋಪು ಕಟ್ಟಿದ ಜೀಪಿನಲ್ಲಿ ಕೂತೇ. ಅವರಿಗೆ ಮರಣೋತ್ತರ ಪರಮವೀರಚಕ್ರ ಬಂತು. ನಮ್ಮ ಸಾಲಿನಲ್ಲಿ ಅಮೆರಿಕನ್ ನಕ್ಷತ್ರ ಹೊತ್ತ ಜೀಪುಗಳನ್ನು ಬೇಕಾದಷ್ಟು ನೋಡಿದ್ದೇನೆ, ಈ ಕಥೆಯನ್ನು ಹೇಳುವ ಒಂದು ಫಲಕವನ್ನೂ ನೋಡಿಲ್ಲ.

ಇನ್ನೊಂದು ಕಥೆಯನ್ನಂತೂ ನಮ್ಮವರು ಯಾರೂ ಹೇಳುವುದಿಲ್ಲ. ಸ್ವತಂತ್ರ ಭಾರತದ ಮೊದಲ ಹಗರಣವೇ ಮಿಲಿಟರಿ ಜೀಪಿನದು. ಕಾಶ್ಮೀರದ ಯುದ್ಧಕ್ಕೆಂದು 1948ರಲ್ಲಿ ಲಂಡನ್ನಿನ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಸುಮಾರು 80 ಲಕ್ಷ ರೂಪಾಯಿಗೆ ಜೀಪು ಕೊಳ್ಳುವ ಒಪ್ಪಂದ ಮಾಡಿದರು. ಕೊನೆಗೆ ಬಂದಿಳಿದದ್ದು 155 ಜೀಪು, ಅವೂ ಕೆಲಸಕ್ಕೆ ಬಾರದವು ಎಂದು ಪಾರ್ಲಿಮೆಂಟಿನಲ್ಲಿ ಗಲಾಟೆಯಾಯಿತು. ಹೊಸ ಬಣ್ಣ ಬಳಿದ ಹಳೇ ಜೀಪು ನಮ್ಮ ದೇಶಕ್ಕೆ ಹೊಸತೇನಲ್ಲ.

ವಿದೇಶಿ ಪುಸ್ತಕವಿಲ್ಲದ ವಾಹನಗಳ ಗತಿ ಇನ್ನೂ ಕೆಟ್ಟದ್ದು. ನಿಸ್ಸಾನ್ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ತಯಾರಾದ ಜೊಂಗಾ, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಬಂದ ಶಕ್ತಿಮಾನ್ ಟ್ರಕ್ಕು. ಇವು ದಶಕಗಳ ಕಾಲ ನಮ್ಮ ಸೇನೆಯನ್ನು ಹೊತ್ತವು. 2019ರಲ್ಲಿ ಧೋನಿ ಜೊಂಗಾ ಓಡಿಸುವ ಚಿತ್ರ ಬಂದಾಗ ನನಗೆ ಬಂದ ಫೋನುಗಳೆಲ್ಲ ಬೆಲೆ ಕೇಳುವ ಫೋನುಗಳು. ಅದನ್ನು ಯಾರು ಓಡಿಸುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ. ಓಡಿಸಿದವರು ಎಲ್ಲೋ ದೂರದಲ್ಲಿಲ್ಲ. ಕೆಂಗೇರಿ ಉಪನಗರದ ಒಂದು ಟೀ ಅಂಗಡಿಯಲ್ಲಿ ನನಗೆ ಸಿಕ್ಕ ನಿವೃತ್ತ ಮೆಕ್ಯಾನಿಕ್ ಹವಿಲ್ದಾರರೊಬ್ಬರು, ಲಡಾಖಿನ ಚಳಿಯಲ್ಲಿ ಬೆಳಗ್ಗೆ ಶಕ್ತಿಮಾನ್ ಎಂಜಿನ್ನಿನ ಹೊಟ್ಟೆಯ ಕೆಳಗೆ ಬೆಂಕಿ ಹಾಕಿ ಕಾಯಿಸಿ ಸ್ಟಾರ್ಟ್ ಮಾಡುತ್ತಿದ್ದುದನ್ನು ಅರ್ಧ ಗಂಟೆ ಹೇಳಿದರು. ಎಷ್ಟು ದೂರದಲ್ಲಿ ಬೆಂಕಿ ಇಡಬೇಕು, ಯಾವಾಗ ತೆಗೆಯಬೇಕು ಎಂಬುದನ್ನೆಲ್ಲ ಕೈಯಲ್ಲಿ ಅಳೆದು ತೋರಿಸಿದರು. ಇಂಥವರು ನಮ್ಮ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಿದ್ದಾರೆ. ನಾವು ರಾತ್ರಿಯಿಡೀ ಟೊಲೆಡೋ ಕಾರ್ಖಾನೆಯ ಬೋಲ್ಟಿನ ಅಳತೆ ಹುಡುಕುತ್ತೇವೆ.

"ಕಾನೂನೇ ನಮ್ಮನ್ನು ಹೀಗೆ ಮಾಡಿಸಿದೆ" ಎಂದು ಗೆಳೆಯರು ಹೇಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ನಿಜವಾದ ಬಣ್ಣ ನಿಷಿದ್ಧ, ಆದ್ದರಿಂದ ಸುಳ್ಳು ಬಣ್ಣ ಅನಿವಾರ್ಯ ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಸೇನೆಯ ವಾಹನ ಸೇನೆಯದಾಗಿಯೇ ಕಾಣಬೇಕು ಎಂಬ ನಿಯಮದಲ್ಲಿ ವಿವೇಕವಿದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಸಮವಸ್ತ್ರದಲ್ಲಿದ್ದರು ಎಂಬುದನ್ನು ಮರೆಯಬಾರದು. ಅದಕ್ಕಿಂತ ಮುಖ್ಯವಾಗಿ, ನನ್ನ ಜೀಪಿನ ಮೇಲಿದ್ದ ನೀಲಿ ಸುಳ್ಳಲ್ಲ. ಜೀಪು ಸೇನೆಯಿಂದ ಬಿಡುಗಡೆಯಾಗಿ ಊರಿನವರ ಕೈಗೆ ಬಂದದ್ದರ ಗುರುತೇ ಆ ನೀಲಿ. ಅದನ್ನು ಉಳಿಸಿಕೊಳ್ಳಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ.

2021ರ ಜುಲೈನಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮಗಳನ್ನೂ ನೋಡಿ. ಐವತ್ತು ವರ್ಷ ದಾಟಿದ ವಾಹನ ಮೂಲರೂಪದಲ್ಲಿರಬೇಕು, ಚೇಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ದಿನನಿತ್ಯ ಓಡಿಸುವಂತಿಲ್ಲ. ಇಲ್ಲಿ ಮಾತ್ರ ನನಗೆ ಸರ್ಕಾರದ ಜೊತೆ ಜಗಳವಿದೆ. ಮೂಲರೂಪವೆಂದರೆ ಕಾರ್ಖಾನೆಯ ಬಾಗಿಲು ದಾಟಿದ ದಿನದ ರೂಪ ಎಂದು ನಮ್ಮವರೆಲ್ಲ ಅರ್ಥ ಮಾಡಿಕೊಂಡಿದ್ದಾರೆ. ಅಡಿಕೆ ತೋಟದ ಡೀಸೆಲ್ ಜೀಪು ಈ ವ್ಯಾಖ್ಯೆಯಲ್ಲಿ ಕುಲಗೆಟ್ಟದ್ದು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಉಳಿದಿರುವ ಯುದ್ಧಕಾಲದ ಜೀಪು ಉಳಿದದ್ದೇ ಹೀಗೆ ಕುಲಗೆಟ್ಟು. ಎಂಜಿನ್ ಬದಲಿಸದಿದ್ದರೆ ಅದು ಎಂದೋ ಗುಜರಿಯಲ್ಲಿ ಕರಗಿರುತ್ತಿತ್ತು.

"ನನ್ನ ದುಡ್ಡು, ನನ್ನ ಜೀಪು, ನಿನಗೇನು?" ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ, ಬೇಕೂ ಇಲ್ಲ. ಮದುವೆಗೆ ಮುಂಚಿನ ಫೋಟೊಶೂಟಿಗೆ ಮರದ ಬಂದೂಕು ಕಟ್ಟಿ ಜೀಪು ಬಾಡಿಗೆಗೆ ಕೊಡುವವರು ಕೊಡಲಿ. ಅವರು ಚರಿತ್ರೆಯ ಹೆಸರು ಎತ್ತುವುದಿಲ್ಲ. ಎತ್ತುವವರಿಗೆ ಮಾತ್ರ ನಾನು ಹೇಳುವುದು: ಕೆರೆಯುವ ಮೊದಲು ಪ್ರತಿ ಪದರದ ಫೋಟೊ ತೆಗೆಯಿರಿ. ತುಕ್ಕು ತಿಂದದ್ದನ್ನು ಬದಲಿಸಿ, ಬೇಡವೆನ್ನುವುದಿಲ್ಲ, ಆದರೆ ತೆಗೆದದ್ದನ್ನು ಎಸೆಯಬೇಡಿ. ಮಾರಿದವರ ಮನೆಯಲ್ಲಿ ಒಂದು ದಿನ ಕೂತು ಕೇಳಿ, ಹಳೇ ಆರ್‌ಸಿ ಪುಸ್ತಕ ಬಿಡಬೇಡಿ. ಪ್ರದರ್ಶನದಲ್ಲಿ ಡೀಸೆಲ್ ಜೀಪಿಗೆ ಅಂಕ ಕಳೆಯುವುದನ್ನು ನಿಲ್ಲಿಸಿ. ಫಲಕದಲ್ಲಿ ಮಾಲೀಕನ ಹೆಸರಿನ ಜೊತೆ ಟಿಂಕರನ ಹೆಸರೂ ಇರಲಿ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯವನು ಸವೆದ ಚೂರೊಂದನ್ನು ಬೆರಳಲ್ಲಿ ಸವರಿ, ಅಳತೆ ಹೇಳಿ, ಮರುದಿನಕ್ಕೆ ಹೊಸದನ್ನು ಕಡೆದು ಕೊಡುತ್ತಾನಲ್ಲ, ಆ ವಿದ್ಯೆ ನಮ್ಮ ಯಾವ ನಕ್ಷತ್ರಕ್ಕಿಂತಲೂ ಅಪರೂಪದ್ದು.

ಮೈದಾನದ ಆ ಭಾನುವಾರದ ನಂತರ ಒಂದು ಸಂಜೆ ತೀರ್ಥಹಳ್ಳಿಯಿಂದ ಫೋನು ಬಂತು. ಜೀಪು ಮಾರಿದವರ ತಾಯಿ. ಎಂಬತ್ತು ದಾಟಿದ ದನಿ. ಜೀಪು ಹೇಗಿದೆ, ಓಡುತ್ತದೆಯೇ ಎಂದೆಲ್ಲ ವಿಚಾರಿಸಿದ ಮೇಲೆ, "ಹಿಂದಿನ ಬಾಗ್ಲಲ್ಲಿ ನಮ್ಮಾವ ಬರ್ದಿದ್ದ ಅಕ್ಷರ ಹಾಗೇ ಇದ್ಯಾ ಮಾರಾಯ್ರೆ?" ಎಂದರು. ಮೊದಲ ಹೆರಿಗೆಗೆ ಅವರನ್ನು ಅದೇ ಜೀಪಿನಲ್ಲಿ, ಅದೇ ಹಿಂಬಾಗಿಲಿನಿಂದ ಚಾಪೆ ಸಮೇತ ಎತ್ತಿ ಮಲಗಿಸಿ ಮಳೆಯಲ್ಲಿ ಆಸ್ಪತ್ರೆಗೆ ಒಯ್ದಿದ್ದರಂತೆ. ನಾನು "ಇದೆ" ಎಂದೂ ಅನ್ನಲಿಲ್ಲ, "ಇಲ್ಲ" ಎಂದೂ ಅನ್ನಲಿಲ್ಲ. ಸಿಗ್ನಲ್ ಸರಿಯಿಲ್ಲ ಎಂದೆ.

ಮರುದಿನ ಶೆಡ್ಡಿಗೆ ಹೋದೆ. ಬಾಗಿಲು ಗುಜರಿ ಸೇರಿ ವರ್ಷದ ಮೇಲಾಗಿತ್ತು. ಟಿಂಕರ್ ಒಂದು ಡಬ್ಬದಿಂದ ತುಕ್ಕು ಹಿಡಿದ ಎರಡು ಕೀಲು, ಒಂದು ಮೊಳ ಸರಪಳಿ ತೆಗೆದುಕೊಟ್ಟ. ಗಟ್ಟಿ ಕಬ್ಬಿಣ, ಯಾವುದಕ್ಕಾದರೂ ಆದೀತು ಎಂದು ಇಟ್ಟುಕೊಂಡಿದ್ದನಂತೆ. ಹೊಸ ತಗಡಿನ ಮೇಲೆ ಅದೇ ಅಕ್ಷರ ಬರೆಸೋಣವೇ ಎಂದು ಕೇಳಿದ. ಬೇಡ ಎಂದೆ. ಥಿನ್ನರ್ ಹಚ್ಚಿ ನಕ್ಷತ್ರವನ್ನು ಒರೆಸಲು ಇಡೀ ಮಧ್ಯಾಹ್ನ ಹಿಡಿಯಿತು.

ಕೀಲುಗಳನ್ನು ಈಗ ಪ್ರದರ್ಶನಕ್ಕೆ ಒಯ್ಯುತ್ತೇನೆ. ಜೀಪಿನ ಪಕ್ಕ ಒಂದು ಸ್ಟೂಲಿನ ಮೇಲೆ ಇಡುತ್ತೇನೆ, ಜೊತೆಗೆ ಇದು ಎಲ್ಲಿಂದ ಬಂತು, ನಾನು ಏನೇನು ತೆಗೆಸಿದೆ ಎಂದು ಬರೆದ ಒಂದು ಹಾಳೆ. ಆ ತಾಯಿ ಮತ್ತೊಮ್ಮೆ ಫೋನು ಮಾಡಿ ಹಿಂಬಾಗಿಲಿನದೊಂದು ಫೋಟೊ ಕಳಿಸಿ ಎಂದಿದ್ದಾರೆ. ಇನ್ನೂ ಕಳಿಸಿಲ್ಲ.