ಅಳಿಲಿನ ಗುಂಡು, ರಣಹದ್ದಿನ ವಿಷ

ಕ್ಯಾಲಿಫೋರ್ನಿಯಾದಲ್ಲಿ ಬೆಳೆ ತಿನ್ನುವ ನೆಲ ಅಳಿಲುಗಳಿಗೆ ರೈತರು .223 ರೈಫಲ್ಲನ್ನೂ ತಾಗಿದೊಡನೆ ಚೂರಾಗುವ ಸೀಸದ ಗುಂಡನ್ನೂ ಆರಿಸುತ್ತಿದ್ದರು. ಹೊಲದಲ್ಲಿ ಬಿಟ್ಟ ಕಳೇಬರ ತಿಂದ ಕಾಂಡರ್ ರಣಹದ್ದುಗಳ ರಕ್ತಕ್ಕೆ ಆ ಸೀಸ ಸೇರಿತು. 1982ರಲ್ಲಿ ಈ ಹಕ್ಕಿಗಳು ಜಗತ್ತಿನಲ್ಲೇ ಸುಮಾರು 22 ಉಳಿದಿದ್ದವು. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಯಾವ ವನ್ಯಜೀವಿಗೂ ಸೀಸದ ಗುಂಡು ಹಾರಿಸುವಂತಿಲ್ಲ.

ತಾಮ್ರದ ಗುಂಡು ಗುರಿ ತಪ್ಪುತ್ತದೆಂಬ ದೂರು ಅರ್ಧಸತ್ಯ. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ. ಆದುದರಿಂದ ಅಷ್ಟೇ ತೂಕದ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡು ನೇರ ಸಾಗಲು ನಳಿಗೆಯ ಸುರುಳಿಗೆರೆ ಅದನ್ನು ಹೆಚ್ಚು ವೇಗದಲ್ಲಿ ತಿರುಗಿಸಬೇಕು. 12 ಇಂಚಿಗೊಂದು ಸುತ್ತಿನ ಹಳೆಯ ನಳಿಗೆಗೆ ಹಗುರ ಗುಂಡು, 8 ಇಂಚಿನದಕ್ಕೆ ಭಾರದ ಗುಂಡು: ದೋಷ ಲೋಹದ್ದಲ್ಲ, ಜೋಡಣೆಯದು. ಬೆಲೆ ಹೆಚ್ಚೆಂಬ ಅಳಲು ಮಾತ್ರ ನಿಜ. ನಿಷೇಧಿಸಿದ ಸರಕಾರವೇ ಅದರಲ್ಲಿ ಪಾಲು ಹೊರಬೇಕು.