ಜಾತ್ರೆಯ ದಿನವೂ ವ್ಯಾಪಾರಿಯ ಗಂಟೂ

ಜಾತ್ರೆಯ ದಿನವನ್ನು ಅರಿಯಲು ಪಂಚಾಂಗವಿದ್ದರೆ ಸಾಕು, ಬೇರೆ ಪಟ್ಟಿಯೇಕೆ ಎಂದು ಕೇಳುವ ಪ್ರಾಜ್ಞರುಂಟು. ತೇರನ್ನು ನೋಡಿ ಕೈಮುಗಿದು ಮನೆಗೆ ಮರಳುವವರ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಸಾಲ ತಂದು ಬಳೆ, ಬೆಂಡು, ಬತ್ತಾಸು, ಆಟಿಕೆಗಳ ಗಂಟು ಕಟ್ಟಿ ಊರೂರು ತಿರುಗುವ ವ್ಯಾಪಾರಿಗೆ ಇದು ಸಾಲದು.

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಬಹುದು. ಅದು ಕಾರ್ತಿಕ ಮಾಸದ ಕಡೆಯ ಸೋಮವಾರದ ಪರಿಷೆ. ಆ ಸೋಮವಾರವು ೨೦೨೩ರಲ್ಲಿ ಡಿಸೆಂಬರ್ ೧೧ರಂದೂ, ೨೦೨೪ರಲ್ಲಿ ನವೆಂಬರ್ ೨೫ರಂದೂ, ೨೦೨೫ರಲ್ಲಿ ನವೆಂಬರ್ ೧೭ರಂದೂ ಬಂದಿತು. ಚಾಂದ್ರಮಾನ ವರ್ಷವು ಸೌರವರ್ಷಕ್ಕಿಂತ ಸುಮಾರು ೧೧ ದಿನ ಕಿರಿದು. ಅಧಿಕಮಾಸ ಬಂದಾಗ ಹಬ್ಬಗಳೆಲ್ಲ ಮತ್ತೆ ಮುಂದಕ್ಕೆ ಸರಿಯುವುವು. ಶಿರಸಿಯ ಮಾರಿಕಾಂಬಾ ಜಾತ್ರೆಯಾದರೋ ಎರಡು ವರ್ಷಕ್ಕೊಮ್ಮೆ ಮಾತ್ರ. ೨೦೨೪ರಲ್ಲಿ ಅದು ನಡೆದುದನ್ನು ಕೇಳಿ ೨೦೨೫ರಲ್ಲಿ ಸರಕು ಹೊತ್ತು ಹೋದವನಿಗೆ ಬಿಡಕಿ ಬಯಲಿನಲ್ಲಿ ದೇವಿಯ ಗದ್ದುಗೆಯೂ ಇಲ್ಲ, ಅಂಗಡಿಸಾಲೂ ಇಲ್ಲ.

ತಿಥಿ ತಿಳಿದರೂ ತೊಡಕು ತೀರದು. ಜಾತ್ರೆ ಎಷ್ಟು ದಿನ? ಅಂಗಡಿಗೆ ಜಾಗವೆಲ್ಲಿ? ಸುಂಕವೆಷ್ಟು, ಅದನ್ನು ಕೇಳುವ ಅಧಿಕಾರ ಯಾರದು? ಪಂಚಾಂಗವು ಇವಾವುದನ್ನೂ ಹೇಳದು. ಹಳಬರು ಮೊದಲೇ ಬಂದು ಒಳ್ಳೆಯ ಜಾಗ ಹಿಡಿಯುವರು. ಹೊಸಬನು ಕೇಳಿದವರಿಗೆಲ್ಲ ಹಣ ತೆತ್ತು ಮೂಲೆಗೆ ಸರಿಯುವನು. ಎಲ್ಲರಿಗೂ ಗೊತ್ತಿದೆ ಎಂಬ ಮಾತಿನ ಅರ್ಥ, ಗೊತ್ತಿದ್ದವರಿಗೆ ಮಾತ್ರ ಲಾಭ ಎಂಬುದೇ.

ಪಟ್ಟಿ ಅಚ್ಚಾದರೆ ಜಾತ್ರೆ ಬರಿಯ ಸಂತೆಯಾಗುವುದೆಂದು ಕೆಲವರು ಆಕ್ಷೇಪಿಸುವರು. ತೇರೂ ಅಂಗಡಿಯೂ ಬೇರೆಯಾಗಿದ್ದುದು ಯಾವಾಗ? ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಕಾಲಕ್ಕೆ ರೈತನು ದೇವರ ದರ್ಶನವನ್ನೂ ಮಾಡುವನು, ಎತ್ತಿನ ಜೋಡಿಯನ್ನೂ ಕೊಳ್ಳುವನು. ಬಾದಾಮಿಯ ಬನಶಂಕರಿಯಲ್ಲಿ ಪುಷ್ಯದ ಹುಣ್ಣಿಮೆಗೆ ತೇರೆಳೆದ ಜನವೇ ರಾತ್ರಿ ನಾಟಕದ ಡೇರೆಗಳನ್ನು ತುಂಬುವರು. ಇದರಿಂದ ಭಕ್ತಿಗೆ ಕುಂದು ಬಂದುದಿಲ್ಲ.

ಕೆಲಸ ಅಸಾಧ್ಯವೆಂಬ ನೆಪವೂ ನಿಲ್ಲದು. ೧೯೬೧ರ ಜನಗಣತಿಯೊಡನೆ ದೇಶದ ಜಾತ್ರೆ ಉತ್ಸವಗಳ ಸಮೀಕ್ಷೆ ನಡೆದು ಗ್ರಂಥಗಳಾಗಿ ಪ್ರಕಟವಾದುದುಂಟು. ಅಂದು ದೇಶಕ್ಕೆ ಸಾಧ್ಯವಾದುದು ಇಂದು ಒಂದು ಜಿಲ್ಲೆಗೆ ಅಸಾಧ್ಯವೇ?

ಪ್ರತಿ ಯುಗಾದಿಗೂ ಜಿಲ್ಲಾ ಪಂಚಾಯಿತಿಯು ಊರು, ತಿಥಿ, ತಾರೀಖು, ದಿನಗಳ ಸಂಖ್ಯೆ, ಸುಂಕದ ದರ, ಜಾಗ ಹಂಚುವವರ ಹೆಸರು ಇವಿಷ್ಟನ್ನು ಅಚ್ಚುಹಾಕಿಸಿ ಪ್ರತಿಯೊಂದು ಬಸ್ಸು ನಿಲ್ದಾಣದಲ್ಲಿಯೂ ಅಂಟಿಸತಕ್ಕದ್ದು. ತಮ್ಮೂರ ಜಾತ್ರೆಯ ವಿವರವನ್ನು ಬರೆದು ಕಳುಹಿಸುವುದು ಅಕ್ಷರಬಲ್ಲ ಮನೆಗಳ ಹೊಣೆ. ಜಾತ್ರೆಯಲ್ಲಿ ಮಗುವಿಗೆ ಪೀಪಿ ಕೊಡಿಸುವ ಗೃಹಸ್ಥನು, ಅದನ್ನು ಮಾರುವವನಿಗೆ ಇಷ್ಟು ಉಪಕಾರ ಮಾಡಲಾರನೇ?